ಗದ್ದಲದಲ್ಲಿ ಮೊದಲು ಕಳೆದುಹೋಗೋದು ಯಾವ ಭಾಷೆ?

(ಗಡಿ ತಾಲೂಕುಗಳ ಕನ್ನಡ ಯುವಜನರ ಮುಂದೆ ಆಡಿದ ಮಾತಿನ ಬರಹ ರೂಪ)



ಕಾಸರಗೋಡು, ತಾಳವಾಡಿ, ಹೊಸೂರು, ಆದೋನಿ, ಮಡಕಶಿರಾ, ಅಕ್ಕಲಕೋಟೆ, ಜತ್ತ – ಇಷ್ಟು ಕಡೆಯಿಂದ ಬಂದಿರೋ ತಮ್ಮಂದಿರೇ, ತಂಗಿಯರೇ. ನಾವು ಸೇರಿದಾಗೆಲ್ಲ ಶಾಲೆ, ನೌಕರಿ, ಬೋರ್ಡು, ಸರ್ಟಿಫಿಕೇಟಿನ ಬಗ್ಗೆ ಮಾತಾಡ್ತೀವಿ. ಅದನ್ನ ಬೇರೆಯವರು ನನಗಿಂತ ಚೆನ್ನಾಗಿ ಹೇಳ್ತಾರೆ. ನಾನು ಇವತ್ತು ಕಿವಿಯ ಬಗ್ಗೆ ಮಾತಾಡ್ತೀನಿ. ಬಸ್ ಸ್ಟ್ಯಾಂಡು, ಸಂತೆ, ದೇವಸ್ಥಾನದ ಎದುರಿನ ಬಯಲು, ಊರ ನಡುವಿನ ಸರ್ಕಲ್ಲು – ಇಂಥ ಬಯಲು ಜಾಗಗಳಲ್ಲಿ ನಾವು ಏನನ್ನ ಕೇಳಿಸಿಕೊಳ್ತೀವಿ, ಏನನ್ನ ಕೇಳಿಸಿಕೊಳ್ಳಲ್ಲ, ಯಾಕೆ ಅನ್ನೋದು ವಿಷಯ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಸದ್ದು ಎಷ್ಟು ಜೋರು ಅನ್ನೋದನ್ನ ಮೀಟರ್ ಹೇಳುತ್ತೆ. ಆ ಸದ್ದು ನಿಮಗೆ ಏನು ಅನ್ನೋದನ್ನ ಮೀಟರ್ ಹೇಳಲ್ಲ. ಅದನ್ನ ನಿಮ್ಮ ವಯಸ್ಸು, ನಿಮ್ಮ ಕೆಲಸ, ನಿಮ್ಮ ಊರು, ಎಲ್ಲಕ್ಕಿಂತ ಹೆಚ್ಚಾಗಿ ನೀವು ಬಾಲ್ಯದಲ್ಲಿ ಕಲಿತ ಭಾಷೆ ಹೇಳುತ್ತೆ.

ಮೀಟರಿನಿಂದಲೇ ಶುರು ಮಾಡೋಣ. ಸದ್ದನ್ನ ಡೆಸಿಬೆಲ್‌ನಲ್ಲಿ ಅಳೀತಾರೆ. ಇದು ಕಿಲೋ, ಲೀಟರಿನ ಹಾಗೆ ನೇರವಾಗಿ ಕೂಡೋ ಲೆಕ್ಕ ಅಲ್ಲ. 60 ಡೆಸಿಬೆಲ್ ಸದ್ದು ಮಾಡೋ ಒಂದು ಯಂತ್ರದ ಪಕ್ಕ ಅಂಥದ್ದೇ ಇನ್ನೊಂದು ಇಟ್ಟರೆ 120 ಆಗಲ್ಲ, 63 ಆಗುತ್ತೆ. ಮನುಷ್ಯರ ಕಿವಿಗೆ ಸದ್ದು ಎರಡು ಪಟ್ಟು ಜೋರಾಯ್ತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅಂದ್ರೆ 55 ಇದ್ದದ್ದು 75 ಆದಾಗ 'ಇಪ್ಪತ್ತು ತಾನೇ ಜಾಸ್ತಿ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ಕಿವಿಗೆ ಅದು ಹೆಚ್ಚುಕಮ್ಮಿ ನಾಲ್ಕು ಪಟ್ಟು.

ಇದಕ್ಕೆ ದೇಶಕ್ಕೆಲ್ಲ ಒಂದೇ ನಿಯಮ ಇದೆ – 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು. ಮನೆಗಳಿರೋ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಅಂಗಡಿ-ಮಾರುಕಟ್ಟೆ ಇರೋ ಕಡೆ 65, 55. ಕಾರ್ಖಾನೆ ಪ್ರದೇಶದಲ್ಲಿ 75, 70. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಘೋಷಿಸಿದ ನಿಶ್ಶಬ್ದ ವಲಯದಲ್ಲಿ 50, 40. ಹಗಲು ಅಂದ್ರೆ ಬೆಳಗ್ಗೆ 6ರಿಂದ ರಾತ್ರಿ 10. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸಡಿಲಿಕೆ ಕೊಡೋ ಅಧಿಕಾರ ರಾಜ್ಯ ಸರ್ಕಾರಗಳಿಗಿದೆ. ಇದು ಕೇಂದ್ರದ ನಿಯಮ. ನಮ್ಮ ಬದುಕಲ್ಲಿ ಗಡಿ ದಾಟಿದರೆ ಎಷ್ಟೋ ಬದಲಾಗುತ್ತೆ – ಪಠ್ಯಪುಸ್ತಕ, ಅರ್ಜಿ ಫಾರಮ್ಮು, ಬಸ್ಸಿನ ಬೋರ್ಡು. ಈ ಅಂಕಿಗಳು ಮಾತ್ರ ಮಂಜೇಶ್ವರದಲ್ಲೂ ಅವೇ, ರಾಯದುರ್ಗದಲ್ಲೂ ಅವೇ.

ಸರಿ, ಅಂಕಿ ಆಯ್ತು. ಆದರೆ ಅಂಕಿಯಲ್ಲಿ ಮುಗಿಯದ್ದು ಒಂದಿದೆ. ಒಂದು ಪಾರ್ಕಿನಲ್ಲಿ ಕಾರಂಜಿ 65 ಡೆಸಿಬೆಲ್ ಸದ್ದು ಮಾಡ್ತಿದೆ ಅಂದುಕೊಳ್ಳಿ. ಪಕ್ಕದ ರಸ್ತೆಯಲ್ಲಿ ಲಾರಿಗಳೂ 65. ಮೀಟರಿಗೆ ಎರಡೂ ಒಂದೇ. ಜನ ಕಾರಂಜಿ ಹತ್ತಿರ ಹೋಗಿ ಕೂರ್ತಾರೆ, ರಸ್ತೆ ಹತ್ತಿರ ಕೂರಲ್ಲ. ಇಂಗ್ಲೆಂಡಿನ ಶೆಫೀಲ್ಡ್ ನಗರ ತನ್ನ ರೈಲು ನಿಲ್ದಾಣದ ಮುಂದಿನ ಚೌಕದಲ್ಲಿ ನೀರು ಬೀಳೋ ವ್ಯವಸ್ಥೆ ಮಾಡಿದೆ. ವಾಹನಗಳ ಸದ್ದನ್ನ ನೀರಿನ ಸದ್ದು ಮುಚ್ಚುತ್ತೆ. ಡೆಸಿಬೆಲ್ ಕಮ್ಮಿ ಆಗಲ್ಲ, ಜನರ ಕಿರಿಕಿರಿ ಕಮ್ಮಿ ಆಗುತ್ತೆ.

ಈ ವ್ಯತ್ಯಾಸವನ್ನ ಒಂದು ಅಧ್ಯಯನವಾಗಿ ಬೆಳೆಸಿದವರಲ್ಲಿ ಮೊದಲಿಗರು ಕೆನಡಾದ ಸಂಗೀತಗಾರ ಮರ್ರೆ ಶೇಫರ್. ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ತಮ್ಮ ಜೊತೆಗಾರರನ್ನ ಕಟ್ಟಿಕೊಂಡು ಊರೂರಿನ ಸದ್ದು ಕೇಳೋಕೆ ಹೊರಟವರು ಇವರು. ನೋಟಕ್ಕೆ ಭೂದೃಶ್ಯ ಇರೋ ಹಾಗೆ ಕಿವಿಗೂ ಒಂದು ದೃಶ್ಯ ಇದೆ ಅಂದರು. ಅದರಲ್ಲಿ ಮೂರು ಬಗೆ ಗುರುತಿಸಿದರು. ನಾನು ಅವನ್ನ ನಮ್ಮ ಮಾತಲ್ಲಿ ತಳಸದ್ದು, ಕರೆಸದ್ದು, ಗುರುತುಸದ್ದು ಅಂತ ಕರೀತೀನಿ.

ತಳಸದ್ದು ಅಂದ್ರೆ ಯಾವಾಗಲೂ ಇದ್ದು, ಇದೆ ಅನ್ನೋದೇ ನಮಗೆ ಮರೆತುಹೋಗಿರೋ ಸದ್ದು. ಕಡಲ ಪಕ್ಕದ ಉಪ್ಪಳ, ಕುಂಬಳೆಯವರಿಗೆ ಅಲೆ. ನೀಲಗಿರಿಯವರಿಗೆ ಗಾಳಿ. ಹೆದ್ದಾರಿ ಪಕ್ಕದ ಹೊಸೂರಿನವರಿಗೆ ಲಾರಿ. ಕರೆಸದ್ದು ಅಂದ್ರೆ ನಮ್ಮನ್ನ ಎಚ್ಚರಿಸೋದು – ಹಾರನ್ನು, ಶಾಲೆ ಗಂಟೆ, ಬಾಂಗು, ಕಂಡಕ್ಟರ್ ಸೀಟಿ, ನಿಲ್ದಾಣದ ಘೋಷಣೆ. ಗುರುತುಸದ್ದು ಅಂದ್ರೆ ಕೇಳಿದ ತಕ್ಷಣ 'ಇದು ನಮ್ಮೂರು' ಅನ್ನಿಸೋದು. ಕಾಸರಗೋಡಿನ ಕಡೆಯವರಿಗೆ ಗದ್ದೆ ಆಚೆಯಿಂದ ಬರೋ ಯಕ್ಷಗಾನದ ಚೆಂಡೆ ಅಂಥದ್ದು. ಸೊಲ್ಲಾಪುರದವರಿಗೆ ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ನಂದಿಕೋಲು ಹೊರಟಾಗಿನ ವಾದ್ಯ, ಜಯಘೋಷ ಅಂಥದ್ದು.

ಚೆಂಡೆಯ ವಿಷಯ ಬಂತು, ಒಂದು ವಿಜ್ಞಾನ ಹೇಳಿಬಿಡ್ತೀನಿ. ರಾತ್ರಿ ಅಷ್ಟು ದೂರದ ಚೆಂಡೆ ಕೇಳೋದು ಯಾಕೆ? ಊರು ಸುಮ್ಮನಿರುತ್ತೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಗಾಳಿಯ ಬಿಸಿ. ಹಗಲು ನೆಲ ಕಾದು ನೆಲದ ಹತ್ತಿರದ ಗಾಳಿ ಬಿಸಿ ಇರುತ್ತೆ, ಆಗ ಸದ್ದು ಮೇಲಕ್ಕೆ ಬಾಗಿ ಹೋಗಿಬಿಡುತ್ತೆ. ಮೋಡ, ಗಾಳಿ ಇಲ್ಲದ ರಾತ್ರಿ ನೆಲ ತಣ್ಣಗಾಗಿ ತಂಪು ಗಾಳಿ ಕೆಳಗೆ, ಬೆಚ್ಚಗಿನದು ಮೇಲೆ ಇರುತ್ತೆ. ಆಗ ಸದ್ದು ಕೆಳಕ್ಕೆ ಬಾಗಿ ದೂರದವರೆಗೆ ಬರುತ್ತೆ. ಇನ್ನೊಂದು ಗಮನಿಸಿ. ದೂರದಿಂದ ಚೆಂಡೆ ಕೇಳುತ್ತೆ, ಅರ್ಥಧಾರಿಯ ಮಾತು ತಿಳಿಯಲ್ಲ. ಸ್ವರ ಬರುತ್ತೆ, ವ್ಯಂಜನ ಬರಲ್ಲ. 'ಸ', 'ತ', 'ಕ', 'ಪ' – ಇವೆಲ್ಲ ಶಕ್ತಿ ಕಮ್ಮಿ ಇರೋ, ತೆಳು ಸದ್ದುಗಳು. ದಾರಿಯಲ್ಲೇ ಸೋರಿಹೋಗ್ತವೆ. ಮಾತಿನ ಅರ್ಥ ಇರೋದು ಬಹುಪಾಲು ಅವುಗಳಲ್ಲೇ. ಇದನ್ನ ನೆನಪಿಟ್ಟುಕೊಳ್ಳಿ, ಬಸ್ ಸ್ಟ್ಯಾಂಡಿಗೆ ಬಂದಾಗ ಬೇಕಾಗುತ್ತೆ.

ಈಗ ಜನರ ಅಭಿಪ್ರಾಯಕ್ಕೆ ಬರೋಣ. 2014ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒ 12913 ಅನ್ನೋ ಮಾನಕದ ಮೊದಲ ಭಾಗ ತಂದಿತು. ಅದರ ಸಾರ ಇಷ್ಟೇ: ಒಂದು ಜಾಗದ ಸದ್ದಿನ ಚಿತ್ರ ಅಂದ್ರೆ ಬರೀ ಗಾಳಿಯ ಕಂಪನ ಅಲ್ಲ, ಅಲ್ಲಿರೋ ಜನ ಆ ಸಂದರ್ಭದಲ್ಲಿ ಅದನ್ನ ಹೇಗೆ ಅನುಭವಿಸ್ತಾರೆ ಅನ್ನೋದು. ಅಂದ್ರೆ ಮೀಟರಿನ ಜೊತೆ ಜನರನ್ನೂ ಕೇಳಬೇಕು. ಹೇಗೆ ಕೇಳೋದು? ಎಂಟು ಪದ ಕೊಡ್ತಾರೆ. ಹಿತವಾಗಿದೆಯಾ, ಕಿರಿಕಿರಿಯಾ? ಚಟುವಟಿಕೆ ತುಂಬಿದೆಯಾ, ಏನೂ ನಡೀತಿಲ್ಲವಾ? ಲವಲವಿಕೆಯಾ, ಏಕತಾನವಾ? ಶಾಂತವಾ, ಗೊಂದಲಮಯವಾ? ಈ ಪದಗಳನ್ನ ತಮ್ಮ ತಮ್ಮ ಭಾಷೆಗೆ ತರೋಕೆ ಹಲವು ದೇಶಗಳ ಸಂಶೋಧಕರು ಕೂತಾಗ ಗೊತ್ತಾಯ್ತು – ಒಂದಕ್ಕೊಂದು ಸರಿ ಹೊಂದೋ ಪದ ಎಲ್ಲ ಭಾಷೆಯಲ್ಲೂ ಸಿಗಲ್ಲ.

ನಮ್ಮಲ್ಲೇ ನೋಡಿ. ಸೊಲ್ಲಾಪುರ, ಜತ್ತದ ಕಡೆ 'ಸಪ್ಪಳ' ಅಂತಾರೆ, ದಕ್ಷಿಣಕ್ಕೆ 'ಸದ್ದು'. ಮಾತಿನದಾದರೆ 'ದನಿ'. ತಲೆ ನೋಯಿಸಿದರೆ 'ಗದ್ದಲ', 'ಗಲಾಟೆ'. ಕಾಸರಗೋಡು, ಮಂಗಳೂರಿನ ಕಡೆ 'ಗೌಜಿ' ಅಂತ ಒಂದು ಪದ ಇದೆ. ಮದುವೆ ಮನೆ ಭಾರೀ ಗೌಜಿ ಅಂದ್ರೆ ಅದು ದೂರಲ್ಲ, ಮೆಚ್ಚುಗೆ. ಜನ ತುಂಬಿ, ಮಾತು, ವಾದ್ಯ ಎಲ್ಲ ಸೇರಿ ಸಂಭ್ರಮ ಆಗಿದೆ ಅಂತ ಅರ್ಥ. ಅದೇ ಸದ್ದನ್ನ ಪಕ್ಕದ ಮನೆಯ ಕಾಯಿಲೆಯವರು ಗದ್ದಲ ಅಂತಾರೆ. ಮೀಟರಿನಲ್ಲಿ ಒಂದೇ ಅಂಕಿ, ನಾಲಗೆಯಲ್ಲಿ ಎರಡು ಪದ. ಇನ್ನು 'ಗೊಂದಲ' ನೋಡಿ. ಬೆಂಗಳೂರಿನ ಪತ್ರಿಕೆಯಲ್ಲಿ ಗೊಂದಲ ಅಂದ್ರೆ ಏನೂ ಸ್ಪಷ್ಟ ಇಲ್ಲ ಅಂತ. ಜತ್ತದ ಕಡೆ ಹೋದರೆ ಗೊಂದಲಿಗರು ಸಂಬಾಳ, ಚೌಡಿಕೆ ಹಿಡಿದು ಅಂಬಾಭವಾನಿಯ ಹೆಸರಲ್ಲಿ ರಾತ್ರಿ ಹಾಕೋ ಪೂಜೆಯ ಹಾಡು-ಕುಣಿತವೂ ಗೊಂದಲವೇ. ಹೊರಗಿನವನಿಗೆ ಗೊಂದಲ, ಒಳಗಿನವನಿಗೆ ದೇವರ ಸೇವೆ. ಗಡಿಯಲ್ಲಿ ಬದುಕೋ ನಮಗೆ ಈ ಮಾತು ಬೇಗ ಅರ್ಥ ಆಗಬೇಕು.

ಅರ್ಥ ಆಗಬೇಕು ಅಂದೆ, ಯಾಕಂದ್ರೆ ಇದು ನಮ್ಮ ಕಡೆಗೂ ತಿರುಗುತ್ತೆ. ನಾವು ನವೆಂಬರಿನಲ್ಲಿ ದೊಡ್ಡ ದೊಡ್ಡ ಬಾಕ್ಸ್ ತಂದು ರಾತ್ರಿ ಹನ್ನೊಂದರವರೆಗೆ ಕನ್ನಡ ಹಾಡು ಹಾಕಿದರೆ, ಪಕ್ಕದ ಬೀದಿಯಲ್ಲಿ ಪರೀಕ್ಷೆಗೆ ಓದೋ ಹುಡುಗಿಗೆ ಅದು ಗದ್ದಲವೇ. ಅವಳು ಕನ್ನಡದವಳಾದರೂ ಗದ್ದಲವೇ. ಬೇರೆ ಭಾಷೆಯವಳಾದರೆ, ಅವಳ ಮನಸ್ಸಲ್ಲಿ ಕನ್ನಡ ಅನ್ನೋದೇ ಗದ್ದಲದ ಇನ್ನೊಂದು ಹೆಸರಾಗಿ ಕೂರುತ್ತೆ. ಇದರಿಂದ ನಮಗೆ ಏನು ಲಾಭ, ನೀವೇ ಹೇಳಿ.

ಈಗ ನನ್ನ ಮುಖ್ಯ ಮಾತು – ಕಿವಿ ಮತ್ತು ಭಾಷೆ.

1953ರಲ್ಲಿ ಕಾಲಿನ್ ಚೆರ್ರಿ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಒಂದು ಪ್ರಯೋಗದ ವರದಿ ಬರೆದರು. ಹೆಡ್‌ಫೋನ್ ಹಾಕಿ ಎರಡು ಕಿವಿಗೆ ಎರಡು ಬೇರೆ ಮಾತು ಕೇಳಿಸಿದರು. ಒಂದು ಕಿವಿಯದನ್ನ ಮಾತ್ರ ಕೇಳಿ ಹಾಗೇ ಹೇಳ್ತಾ ಹೋಗಿ ಅಂದರು. ಜನ ಹೇಳಿದರು. ಆಮೇಲೆ, ಇನ್ನೊಂದು ಕಿವಿಯಲ್ಲಿ ಏನಿತ್ತು ಅಂತ ಕೇಳಿದರೆ ಹೆಚ್ಚೇನೂ ಗೊತ್ತಿಲ್ಲ. ಗಂಡು ದನಿ ಹೆಣ್ಣು ದನಿಯಾದದ್ದು ಗೊತ್ತಾಗಿತ್ತು. ಆದರೆ ಮಾತು ಇಂಗ್ಲಿಷಿನಿಂದ ಜರ್ಮನ್‌ಗೆ ಬದಲಾದದ್ದು ಗೊತ್ತಾಗಿರಲಿಲ್ಲ! ಗಮನ ಕೊಡದ ಕಿವಿಗೆ ಭಾಷೆಯೇ ಇಲ್ಲ. 1959ರಲ್ಲಿ ನೆವಿಲ್ ಮೋರೆ ಅನ್ನುವವರು ಇದಕ್ಕೆ ಒಂದು ತಿರುವು ಕೊಟ್ಟರು. ಗಮನ ಕೊಡದ ಕಿವಿಗೆ ಆ ವ್ಯಕ್ತಿಯ ಹೆಸರನ್ನೇ ಕರೆದರು. ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಕೇಳಿಸಿತು. ಸಂತೆಯ ಗದ್ದಲದಲ್ಲಿ ಯಾರೋ ನಿಮ್ಮ ಹೆಸರು ಕೂಗಿದರೆ ತಟ್ಟನೆ ತಿರುಗ್ತೀರಲ್ಲ, ಅದೇ ಇದು. ನಮ್ಮದು ಅನ್ನಿಸಿದ ಸದ್ದಿಗೆ ಕಿವಿ ಬಾಗಿಲು ತೆರೀತದೆ.

ಇನ್ನೊಂದು ಅಧ್ಯಯನ 1997ರದು, ಅಮೆರಿಕದ್ದು. ಮನೆಮಾತು ಸ್ಪ್ಯಾನಿಷ್ ಆಗಿದ್ದು ಇಂಗ್ಲಿಷ್ ಕಲಿತವರನ್ನ ತಗೊಂಡರು. ಕೆಲವರು ಎಳೆ ವಯಸ್ಸಿನಲ್ಲೇ ಕಲಿತವರು, ಕೆಲವರು 14 ದಾಟಿದ ಮೇಲೆ ಕಲಿತವರು. ಸದ್ದಿಲ್ಲದ ಕೋಣೆಯಲ್ಲಿ ಎಲ್ಲರೂ ಇಂಗ್ಲಿಷ್ ವಾಕ್ಯಗಳನ್ನ ಚೆನ್ನಾಗಿ ಹಿಡಿದರು. ಹಿಂದೆ ಗದ್ದಲ ಸೇರಿಸಿದ ಕೂಡಲೇ, ತಡವಾಗಿ ಕಲಿತವರು ಹಿಂದೆ ಬಿದ್ದರು. ಕಾರಣ ಹೀಗಿದೆ: ನಮ್ಮ ಮನೆಮಾತಿನಲ್ಲಿ ಅರ್ಧ ಪದ ಕೇಳಿಸದಿದ್ದರೂ ಉಳಿದದ್ದನ್ನ ನಾವು ಊಹಿಸಿ ತುಂಬಿಕೊಳ್ತೀವಿ. 'ಊಟ ಆಯ್ತ...' ಅನ್ನೋವಾಗ 'ಆ' ಕೇಳಿಸದಿದ್ದರೂ ಪ್ರಶ್ನೆ ಅಂತ ತಿಳೀತದೆ. ತಡವಾಗಿ ಕಲಿತ ಭಾಷೆಯಲ್ಲಿ ಈ ತುಂಬಿಕೊಳ್ಳೋ ಶಕ್ತಿ ಕಮ್ಮಿ. ಹೋದ ಪದ ಹೋಯ್ತು.

ಇದನ್ನ ನಮ್ಮ ಭಾಷೆಯಲ್ಲಿ ಹೇಳೋದಾದರೆ: ಗದ್ದಲ ಮೊದಲು ತಿನ್ನೋದು ಎರಡನೇ ಭಾಷೆಯನ್ನ.

ಈಗ ಬಸ್ ಸ್ಟ್ಯಾಂಡಿಗೆ ಬನ್ನಿ. ಯಾವುದೇ ಗಡಿ ತಾಲೂಕಿನ ಬಸ್ ಸ್ಟ್ಯಾಂಡ್ ಅಂದುಕೊಳ್ಳಿ. ತಗಡಿನ ಛಾವಣಿ, ನಾಲ್ಕು ಕಡೆ ಕಹಳೆ ಸ್ಪೀಕರು, ಚಾಲೂ ಇರೋ ಇಂಜಿನ್ನುಗಳು, ಹಾರನ್ನು. ಒಬ್ಬರು ಅಜ್ಜಿ ಕೂತಿದ್ದಾರೆ. ಮನೆಮಾತು ಕನ್ನಡ. ಆ ರಾಜ್ಯದ ಭಾಷೆ ಅವರಿಗೆ ಬರಲ್ಲ ಅಂತಲ್ಲ. ಅಂಗಡಿಯಲ್ಲಿ ಎದುರು ಬದುರು ನಿಂತು ಚೆನ್ನಾಗಿಯೇ ಮಾತಾಡ್ತಾರೆ. ಆದರೆ ಆ ಘೋಷಣೆ ಬಂದಾಗ ಏನಾಗುತ್ತೆ? ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ಹತ್ತಿರದ ಸ್ಪೀಕರಿಗಿಂತ ಇನ್ನೊಂದು 34 ಮೀಟರ್ ದೂರ ಇದ್ದರೆ, ಅದರ ಮಾತು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಬರುತ್ತೆ. ಒಂದು ಅಕ್ಷರದ ಮೇಲೆ ಇನ್ನೊಂದು ಅಕ್ಷರ ಕೂರುತ್ತೆ. ವ್ಯಂಜನಗಳು ಆಗಲೇ ಇಂಜಿನ್ನಿನ ಕೆಳಗೆ ಮುಚ್ಚಿಹೋಗಿವೆ. ಅಜ್ಜಿಗೆ ವಯಸ್ಸಾಗಿದೆ, ವಯಸ್ಸಾದ ಕಿವಿ ಮೊದಲು ಕಳ್ಕೊಳ್ಳೋದೂ ಆ ತೆಳು ಸದ್ದುಗಳನ್ನೇ. ಮನೆಮಾತಾಗಿದ್ದರೆ ಊಹಿಸಿಕೊಳ್ತಿದ್ದರು. ಇದು ಎರಡನೇ ಭಾಷೆ. ಪ್ಲಾಟ್‌ಫಾರ್ಮ್ ಬದಲಾದದ್ದು ತಿಳಿಯಲ್ಲ. ಬಸ್ ಹೋಗಿಬಿಡುತ್ತೆ. ಪಕ್ಕದಲ್ಲಿ ಕೂತವರು 'ಇಷ್ಟು ಜೋರಾಗಿ ಹೇಳಿದರಲ್ಲ, ಕೇಳಿಸಲಿಲ್ವಾ?' ಅಂತಾರೆ. ಕೇಳಿಸಿತು. ತಿಳಿಯಲಿಲ್ಲ. ಆ ಎರಡರ ನಡುವಿನ ಅಂತರದಲ್ಲೇ ನಮ್ಮ ಹಿರಿಯರು ದಿನಾ ಬಸ್ ತಪ್ಪಿಸಿಕೊಳ್ತಿರೋದು.

'ಇಷ್ಟು ವರ್ಷದಿಂದ ಇಲ್ಲಿದ್ದೀರಿ, ನಮ್ಮ ಭಾಷೆ ನಿಮಗೆ ಬರುತ್ತಲ್ಲ' ಅಂತ ಕೇಳೋರಿಗೆ ಇದೇ ಉತ್ತರ. ಬರುತ್ತೆ. ಆದರೆ ಭಾಷೆ ಬರೋದು ಬೇರೆ, ಗದ್ದಲದಲ್ಲಿ ಆ ಭಾಷೆ ಕೈಹಿಡಿಯೋದು ಬೇರೆ. ಮತ್ತೆ, ಇದು ನಮ್ಮೊಬ್ಬರ ಸಂಕಟ ಅಲ್ಲ. ಬೆಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಹೊಸದಾಗಿ ಬಂದ ತೆಲುಗು, ತಮಿಳು ಕೂಲಿ ಕಾರ್ಮಿಕರಿಗೂ ಇದೇ ಆಗುತ್ತೆ. ನಾವು ನಮಗಾಗಿ ಕೇಳೋ ನ್ಯಾಯವನ್ನ ಅವರಿಗೂ ಕೇಳೋದಕ್ಕೆ ತಯಾರಿರಬೇಕು.

ಪರಿಹಾರ ಏನು? ವಾಲ್ಯೂಮ್ ಏರಿಸೋದು ಅಲ್ಲ. ಜೋರು ಮಾಡಿದಷ್ಟೂ ಜನರೂ ದನಿ ಏರಿಸ್ತಾರೆ. ಗದ್ದಲದಲ್ಲಿ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸೋದನ್ನ ಫ್ರಾನ್ಸಿನ ವೈದ್ಯ ಎಟಿಯನ್ ಲೊಂಬಾರ್ 1911ರಲ್ಲೇ ಬರೆದಿದ್ದಾರೆ. ಬೇಕಾದ್ದು ಸಣ್ಣ ಸಣ್ಣ ವಿಷಯ. ಘೋಷಣೆಗೆ ಮುಂಚೆ ಒಂದು ಗಂಟೆಯ ಸದ್ದು, ಕಿವಿ ತಿರುಗೋದಕ್ಕೆ. ನಿಧಾನವಾದ ಮಾತು, ಎರಡು ಸಲ. ಎರಡು ಭಾಷೆಯಲ್ಲಿ. ಕೆಲವೇ ದೊಡ್ಡ ಸ್ಪೀಕರಿನ ಬದಲು ಹತ್ತಿರ ಹತ್ತಿರ ಸಣ್ಣ ಸ್ಪೀಕರು, ಕಮ್ಮಿ ವಾಲ್ಯೂಮಿನಲ್ಲಿ. ಎಲ್ಲದರ ಜೊತೆ ಕಣ್ಣಿಗೆ ಕಾಣೋ ಬೋರ್ಡು. ಇಂಜಿನ್ ಚಾಲೂ ಇಟ್ಟು ನಿಲ್ಲಿಸಬಾರದು. ಇವುಗಳಲ್ಲಿ ಅರ್ಧಕ್ಕೆ ದುಡ್ಡೇ ಬೇಡ.

ಆದರೆ ಬರೀ 'ಕನ್ನಡ ಬೇಕು' ಅಂತ ಅರ್ಜಿ ಕೊಟ್ಟರೆ ಅದು ಫೈಲಿನಲ್ಲಿ ಮಲಗುತ್ತೆ. ಲೆಕ್ಕ ಕೊಡಿ. ಅದಕ್ಕೆ ಒಂದು ದಾರಿ ಇದೆ, ಇಂಗ್ಲಿಷಿನಲ್ಲಿ ಸೌಂಡ್‌ವಾಕ್ ಅಂತಾರೆ. ನಾವು ಕಿವಿನಡಿಗೆ ಅನ್ನೋಣ.

ನಾಲ್ಕೈದು ಜನ ಸೇರಿ. ಒಬ್ಬರು ಹಿರಿಯರನ್ನ ಜೊತೆಗೆ ಕರ್ಕೊಳ್ಳಿ – ಅಜ್ಜ, ಅಜ್ಜಿ, ಯಾರಾದರೂ. ಊರಿನಲ್ಲಿ ಐದು ಜಾಗ ಆರಿಸಿ: ಬಸ್ ಸ್ಟ್ಯಾಂಡ್, ಸಂತೆ, ಶಾಲೆ ಗೇಟು, ಆಸ್ಪತ್ರೆ ಎದುರು, ಗುಡಿ ಅಥವಾ ಮಸೀದಿ ಮುಂದಿನ ಬಯಲು. ಪ್ರತಿ ಜಾಗದಲ್ಲಿ ಮೂರು ನಿಮಿಷ ಮಾತಿಲ್ಲದೆ ನಿಲ್ಲಿ. ಆಮೇಲೆ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಬರೀರಿ, ಒಬ್ಬರದ್ದು ಒಬ್ಬರು ನೋಡಬೇಡಿ. ಯಾವ ಸದ್ದು ಕೇಳಿತು – ವಾಹನದ್ದು, ಮನುಷ್ಯರದ್ದು, ಪ್ರಕೃತಿಯದ್ದು? ಯಾವ ಯಾವ ಭಾಷೆ ಕೇಳಿತು? ಒಟ್ಟಾರೆ ಹಿತವೋ ಕಿರಿಕಿರಿಯೋ? ಈ ಜಾಗಕ್ಕೆ ಈ ಸದ್ದು ಒಪ್ಪುತ್ತಾ? ಹಿರಿಯರಿಗೆ ಇನ್ನೊಂದು ಪ್ರಶ್ನೆ – ಮುಂಚೆ ಇಲ್ಲಿ ಕೇಳ್ತಿದ್ದ ಯಾವ ಸದ್ದು ಈಗ ಇಲ್ಲ? ದಿನ, ಹೊತ್ತು, ಜಾಗ ಬರೆಯೋದು ಮರೀಬೇಡಿ. ಫೋನಿನ ಡೆಸಿಬೆಲ್ ಆಪ್ ಅಂದಾಜಿಗೆ ಆಯ್ತು, ಸಾಕ್ಷಿಗೆ ಆಗಲ್ಲ. ಯಾರದೋ ಖಾಸಗಿ ಮಾತು ರೆಕಾರ್ಡ್ ಮಾಡಬೇಡಿ.

ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ಕೆಲಸ. ಘೋಷಣೆ ಮುಗಿದ ಕೂಡಲೇ, ಕಾಯ್ತಾ ಕೂತ ಇಪ್ಪತ್ತು ಜನರನ್ನ ವಿನಯದಿಂದ ಕೇಳಿ: 'ಈಗ ಏನು ಹೇಳಿದರು?' ಎಷ್ಟು ಜನರಿಗೆ ತಿಳಿಯಿತು, ಅವರ ಮನೆಮಾತು ಯಾವುದು, ಬರೆದುಕೊಳ್ಳಿ. ನಾಲ್ಕು ವಾರ, ವಾರಕ್ಕೊಮ್ಮೆ ಮಾಡಿ. ಆಮೇಲೆ ಅರ್ಜಿ ಬರೀರಿ. ಸಂವಿಧಾನದ 350ನೇ ವಿಧಿ ಪ್ರಕಾರ ಕುಂದುಕೊರತೆಯ ಅರ್ಜಿಯನ್ನ ಆ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಕೊಡೋ ಹಕ್ಕು ನಿಮಗಿದೆ. ಕನ್ನಡದಲ್ಲೂ ಕೊಡಿ, ರಾಜ್ಯದ ಭಾಷೆಯಲ್ಲಿ ಒಂದು ಪ್ರತಿಯನ್ನೂ ಲಗತ್ತಿಸಿ. ಬರೀ ಭಾವನೆಯ ಅರ್ಜಿಯನ್ನ ಅಧಿಕಾರಿ ಬದಿಗಿಡಬಹುದು, 'ಎಂಬತ್ತು ಜನರಲ್ಲಿ ಇಷ್ಟು ಜನರಿಗೆ ತಿಳಿಯಲಿಲ್ಲ' ಅನ್ನೋದಕ್ಕೆ ಉತ್ತರ ಕೊಡಬೇಕಾಗುತ್ತೆ. ಗದ್ದಲವೇ ಸಮಸ್ಯೆಯಾಗಿದ್ದರೆ ಅದಕ್ಕೂ ದಾರಿ ಇದೆ: ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ಮೀರಿದರೆ, ಇಲ್ಲಾ ರಾತ್ರಿಯ ನಿರ್ಬಂಧ ಮುರಿದರೆ, ಯಾರು ಬೇಕಾದರೂ ದೂರು ಕೊಡಬಹುದು.

ಈ ನೋಟ್‌ಬುಕ್ಕುಗಳನ್ನ ಎಸೀಬೇಡಿ. 1975ರಲ್ಲಿ ಶೇಫರ್ ತಂಡ ಯುರೋಪಿನ ಐದು ಹಳ್ಳಿಗಳ ಸದ್ದನ್ನ ದಾಖಲು ಮಾಡಿತು. ಅದರಲ್ಲೊಂದು ಫ್ರಾನ್ಸಿನ ಲೆಸ್ಕೊನಿಲ್, ಮೀನುಗಾರರ ಊರು. ದಿನದ ಹೊತ್ತಿಗೆ ತಕ್ಕಂತೆ ಗಾಳಿ ದಿಕ್ಕು ಬದಲಾಗಿ, ಗಾಳಿಯ ಜೊತೆ ಬೇರೆ ಬೇರೆ ಕಡೆಯ ಸದ್ದು ಬರ್ತಿತ್ತು ಅಂತ ಅವರು ಬರೆದಿಟ್ಟರು. ಸುಮಾರು 25 ವರ್ಷ ಆದ ಮೇಲೆ ಫಿನ್ಲೆಂಡಿನ ಸಂಶೋಧಕರು ಅದೇ ಐದು ಹಳ್ಳಿಗಳಿಗೆ ಮತ್ತೆ ಹೋದರು. ಏನು ಹೋಯ್ತು, ಏನು ಉಳೀತು, ಏನು ಹೊಸದಾಗಿ ಬಂತು ಅಂತ ಹೇಳೋಕೆ ಅವರಿಗೆ ಆಗಿದ್ದು, ಮೊದಲು ಯಾರೋ ಕೂತು ಕೇಳಿ ಬರೆದಿಟ್ಟಿದ್ದರಿಂದ. ನಮ್ಮ ಸಂತೆಯಲ್ಲಿ ಇವತ್ತು ಎಷ್ಟು ಕನ್ನಡ ಕೇಳುತ್ತೆ ಅಂತ ನಾವು ಬರೆದಿಡದಿದ್ದರೆ, 25 ವರ್ಷ ಆದ ಮೇಲೆ 'ಇಲ್ಲಿ ಕನ್ನಡ ಇತ್ತಾ?' ಅಂತ ಯಾರಾದರೂ ಕೇಳಿದಾಗ ನಮ್ಮ ಕೈಲಿ ನೆನಪು ಬಿಟ್ಟು ಏನೂ ಇರಲ್ಲ.

ಒಂದು ಕೊನೇ ಮಾತು. ಬೀದಿಯಲ್ಲಿ ಒಂದು ಭಾಷೆ ಕಮ್ಮಿ ಕೇಳೋದು ಕೆಲವು ಸಲ ಆ ಭಾಷೆಯವರು ಕಮ್ಮಿ ಆದದ್ದರಿಂದ ಅಲ್ಲ, ಅವರು ದನಿ ಇಳಿಸಿದ್ದರಿಂದ. ಬಸ್ಸಿನಲ್ಲಿ ಮನೆಯಿಂದ ಫೋನ್ ಬಂದಾಗ ಪಿಸುಗುಡೋ ಹುಡುಗರು ನಿಮ್ಮಲ್ಲೂ ಇದ್ದೀರಿ ಅಂತ ನನಗೆ ಗೊತ್ತು. ಕೂಗಾಡಿ ಅಂತ ನಾನು ಹೇಳಲ್ಲ. ಅಂಗಡಿಯವರ ಹತ್ತಿರ, ಅಮ್ಮನ ಹತ್ತಿರ, ಗೆಳೆಯರ ಹತ್ತಿರ ಮಾಮೂಲಿ ದನಿಯಲ್ಲಿ, ನಾಚಿಕೆ ಇಲ್ಲದೆ ಮಾತಾಡಿ. ಅಷ್ಟು ಸಾಕು.

ಮುಂದಿನ ಸಂತೆ ದಿನ, ಒಬ್ಬ ಹಿರಿಯರ ಜೊತೆ ಅರ್ಧ ಗಂಟೆ ಕಿವಿನಡಿಗೆ ಮಾಡಿ. ನಾವು ಮತ್ತೆ ಸೇರುವಾಗ ನೋಟ್‌ಬುಕ್ ತನ್ನಿ, ಒಂದೊಂದು ತಾಲೂಕಿನದನ್ನೂ ಓದೋಣ.